ಸೆರೆಂಗೆಟಿಯ ಸಫಾರಿ ಮತ್ತು ಅನುಮೋದನೆಯ ಪ್ರಶ್ನೆ

ಆಫ್ರಿಕಾದ ವನ್ಯಮೃಗಗಳನ್ನು ನೋಡಿಬರುವುದು ಈಚೆಗೆ ನಮ್ಮ ಸಮಾಜದ ಅನುಕೂಲಸ್ಥ ಕುಟುಂಬಗಳಿಗೂ ಸಾಧ್ಯವಾಗಿದೆ. ಕೈಯಲ್ಲಿ ಆಯುಧವಿಲ್ಲ, ಮನಸ್ಸಿನಲ್ಲಿ ದ್ವೇಷವಿಲ್ಲ. ಇದರಲ್ಲಿ ಹಿಂಸೆಯ ಮಾತೆಲ್ಲಿ ಬಂತು ಎಂದು ಕೇಳುವವರುಂಟು. ಇದಕ್ಕೆ ಉತ್ತರವನ್ನು ಇತಿಹಾಸದಲ್ಲಿ ಹುಡುಕುವುದು ಉಚಿತ.

‘ಸಫಾರಿ’ ಎಂಬುದು ಸ್ವಾಹಿಲಿ ಭಾಷೆಯ ಶಬ್ದ. ಅರಬ್ಬಿಯ ‘ಸಫರ್’ ಅದರ ಮೂಲ. ಅರ್ಥ ಕೇವಲ ಪ್ರಯಾಣ. ಅದಕ್ಕೆ ಬೇಟೆಯ ಅರ್ಥವನ್ನು ಅಂಟಿಸಿದವರು ಯುರೋಪು, ಅಮೆರಿಕಗಳ ಸಿರಿವಂತರು. ಅಮೆರಿಕದ ಅಧ್ಯಕ್ಷಪದವಿಯಿಂದ ಇಳಿದ ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಮಗ ಕರ್ಮಿಟ್‌ನೊಡನೆ ಪೂರ್ವ ಆಫ್ರಿಕಾಕ್ಕೆ ಹೋದರು. ವಸ್ತುಸಂಗ್ರಹಾಲಯಕ್ಕೆ ಮಾದರಿಗಳನ್ನು ಒದಗಿಸುವುದು ಯಾತ್ರೆಯ ಉದ್ದೇಶವಾಗಿತ್ತು. ತಂದೆಮಕ್ಕಳಿಬ್ಬರೇ ಕೊಂದ ಪ್ರಾಣಿಗಳು 512. ಅವುಗಳಲ್ಲಿ 17 ಸಿಂಹಗಳು, 11 ಆನೆಗಳು. ಈ ಲೆಕ್ಕವನ್ನು ರೂಸ್‌ವೆಲ್ಟರೇ ತಮ್ಮ ಪ್ರವಾಸಗ್ರಂಥದಲ್ಲಿ ಕೊಟ್ಟಿದ್ದಾರೆ.

ಕಾಲ ಬದಲಾಯಿತು. 1946ರಲ್ಲಿ ನೈರೋಬಿ, 1951ರಲ್ಲಿ ಸೆರೆಂಗೆಟಿ ರಾಷ್ಟ್ರೀಯ ಉದ್ಯಾನಗಳಾದವು. ಕೆನ್ಯಾ 1977ರಲ್ಲಿ ಮೋಜಿನ ಬೇಟೆಯನ್ನು ನಿಷೇಧಿಸಿತು. ಟಾಂಜಾನಿಯಾದಲ್ಲಿ ಉದ್ಯಾನಗಳ ಹೊರಗೆ ಪರವಾನಗಿಯ ಬೇಟೆ ಇಂದಿಗೂ ಉಂಟು. ಆದರೂ ಹೆಚ್ಚಿನ ಯಾತ್ರಿಕರ ಕೈಯಲ್ಲಿ ಬಂದೂಕಿನ ಸ್ಥಾನಕ್ಕೆ ಕ್ಯಾಮರಾ ಬಂದಿದೆ. ಲಕ್ಷಗಟ್ಟಲೆ ಮೃಗಗಳು ನಿರ್ಭಯವಾಗಿ ವಲಸೆ ನಡೆಯುವ ಬಯಲು ಉಳಿದಿದೆ. ಇದು ಅಹಿಂಸೆಯ ಕಡೆಗೆ ಇಟ್ಟ ದೊಡ್ಡ ಹೆಜ್ಜೆಯೇ ಸರಿ.

ಆದರೆ ಆ ಬಯಲು ನಿರ್ಜನವಾಗಿರಲಿಲ್ಲ. ಮಸಾಯಿ ಎಂಬ ಗೋಪಾಲಕ ಜನ ಅಲ್ಲಿ ದನ ಮೇಯಿಸಿಕೊಂಡಿದ್ದರು. ಕಾಡುಮೃಗಗಳ ಮಾಂಸವನ್ನು ಸಾಮಾನ್ಯವಾಗಿ ತಿನ್ನದ ಇವರ ಹಿಂಡುಗಳೂ ವನ್ಯಮೃಗಗಳೂ ಒಂದೇ ಹುಲ್ಲುಗಾವಲನ್ನು ಹಂಚಿಕೊಂಡಿದ್ದವು. ಬ್ರಿಟಿಷ್ ಆಡಳಿತವು 1959ರಲ್ಲಿ ಅವರನ್ನು ಸೆರೆಂಗೆಟಿಯಿಂದ ಹೊರಡಿಸಿ, ನೆರೆಯ ಎನ್‌ಗೊರೊಂಗೊರೊದಲ್ಲಿ ವಾಸಕ್ಕೆ ಅವಕಾಶವಿತ್ತಿತು. 2022ರಿಂದ ಅಲ್ಲಿಂದಲೂ ಅನೇಕ ಕುಟುಂಬಗಳನ್ನು ದೂರದ ಹಾಂಡೇನಿ ಜಿಲ್ಲೆಗೆ ಸಾಗಿಸಲಾಗಿದೆ. ಇದು ಸ್ವ-ಇಚ್ಛೆಯ ಸ್ಥಳಾಂತರವೆಂದು ಸರಕಾರ ಹೇಳುತ್ತದೆ. ಒತ್ತಾಯವೆಂದು ಮಸಾಯಿಗಳಲ್ಲಿ ಅನೇಕರು ಹೇಳುತ್ತಾರೆ.

ನಮ್ಮ ಆಚಾರ್ಯರು ಹಿಂಸೆಯನ್ನು ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆಯಾಗಿ ಎಣಿಸಿದ್ದಾರೆ. ಬಂದೂಕನ್ನು ಕೆಳಗಿಟ್ಟವನು ಕೃತದೋಷದಿಂದ ಪಾರಾದನು, ನಿಜ. ಆದರೆ ಚಿರತೆಯನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕೆಂದು ವಾಹನ ನಡೆಸುವವನನ್ನು ಒತ್ತಾಯಿಸಿ, ಅದರ ಆಹಾರವನ್ನೂ ಮರಿಗಳ ನೆಮ್ಮದಿಯನ್ನೂ ಕೆಡಿಸುವುದು ಕಾರಿತವಲ್ಲವೇ? ಮೃಗವು ಉಳಿಯಲೆಂದು ಮನೆ ತೊರೆದ ಮನುಷ್ಯನನ್ನು ನೆನೆಯದೆ, ‘ಎಂಥ ನಿರ್ಜನ ಸೌಂದರ್ಯ’ ಎಂದು ಹೊಗಳುವುದು ಅನುಮೋದನೆಯಲ್ಲವೇ? ಜೀವದಯೆಯಲ್ಲಿ ಸಿಂಹಕ್ಕೆ ಇರುವ ಸ್ಥಾನ ದನಗಾಹಿಗೂ ಇದೆ.

ಯಾತ್ರೆ ಬೇಡವೆಂದು ಈ ಮಾತಿನ ಅರ್ಥವಲ್ಲ. ನಮ್ಮ ಮುನಿಗಳು ಈರ್ಯಾಸಮಿತಿಯಂತೆ ನಾಲ್ಕು ಮೊಳದಷ್ಟು ಮುಂದಿನ ನೆಲವನ್ನು ನೋಡಿ ಹೆಜ್ಜೆಯಿಡುತ್ತಾರೆ. ಶ್ರಾವಕನೂ ಹೊರಡುವ ಮುನ್ನ ಅಷ್ಟನ್ನಾದರೂ ನೋಡಲಿ: ಈ ನೆಲದಲ್ಲಿ ಯಾರಿದ್ದರು, ಈಗ ಎಲ್ಲಿದ್ದಾರೆ, ತಾನು ತೆರುವ ಹಣದಲ್ಲಿ ಅವರಿಗೆ ಪಾಲುಂಟೇ? ಹೀಗೆ ಕೇಳಿ ಹೊರಟವನ ಪ್ರಯಾಣವು ‘ಸಫಾರಿ’ ಶಬ್ದದ ಮೊದಲ ಅರ್ಥಕ್ಕೆ ಹತ್ತಿರವಾಗುತ್ತದೆ.