ಕಚ್ಚೆಪಂಚೆಯ ಮೇಲಿನ ಕೋಟು

ಹಳೆಯ ಮೈಸೂರು ಸಂಸ್ಥಾನದ ಯಾವುದಾದರೂ ಕಚೇರಿಯ ಗುಂಪುಚಿತ್ರ ಸಿಕ್ಕರೆ ನಿಧಾನವಾಗಿ ನೋಡಿ. 1910ರದಾದರೂ ಸರಿ, 1930ರದಾದರೂ ಸರಿ, ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಮುಂದಿನ ಸಾಲಿನ ಕುರ್ಚಿಗಳಲ್ಲಿ ಮೇಲಧಿಕಾರಿಗಳು, ಹಿಂದೆ ನಿಂತ ಗುಮಾಸ್ತರು, ತೀರ ಅಂಚಿನಲ್ಲಿ ಜವಾನರು. ತಲೆಯ ಮೇಲೆ ಜರಿಯಂಚಿನ ಪೇಟ. ಕತ್ತಿನವರೆಗೆ ಗುಂಡಿ ಹಾಕಿದ ಕ್ಲೋಸ್ ಕಾಲರ್ ಕೋಟು. ಹೆಗಲ ಮೇಲೆ ಮಡಿಸಿ ಇಳಿಬಿಟ್ಟ ಶಲ್ಯ. ಕೋಟಿನ ಕೆಳಗೆ ಬಿಳಿಯ ಕಚ್ಚೆಪಂಚೆ, ಅದರ ಕೆಳಗೆ ಕೆಲವರಿಗೆ ಪಾಲಿಷ್ ಮಾಡಿದ ಬೂಟು, ಕೆಲವರಿಗೆ ಚಪ್ಪಲಿ, ಜವಾನರಿಗೆ ಬರಿಗಾಲು. ಕೋಟು ಇಂಗ್ಲೆಂಡಿನಿಂದ ಬಂದದ್ದು, ಪೇಟ ಅರಮನೆಯ ಕಡೆಯಿಂದ ಬಂದದ್ದು, ಪಂಚೆ ಯಾರೂ ಲೆಕ್ಕ ಇಡದಷ್ಟು ಹಳೆಯದು. ಅವರು ಯಾರಿಗೂ ಇದು ಬೆರಕೆ ಅನ್ನಿಸಿರಲಿಲ್ಲ. ಕಚೇರಿಗೆ ಹೋಗುವವನು ಹೀಗಿರುತ್ತಾನೆ, ಅಷ್ಟೆ.

ನಾನು ವಾಸವಾಗಿರುವುದು ದೋಹಾದ ಅಲ್ ಅಜೀಜಿಯಾದಲ್ಲಿ. ಪಕ್ಕದಲ್ಲೇ ಆಸ್ಪೈರ್ ಪಾರ್ಕು, ಒಳಗೆ ಕಾಲುವೆ ಹರಿಸಿ ವೆನಿಸ್ ಕಟ್ಟಿದ ವಿಲ್ಲಾಜಿಯೋ ಮಾಲು. ಅಲ್ಲಿನ ಅಂಗಡಿಗಳಲ್ಲಿ ‘ವಿಂಟೇಜ್’ ಎಂಬ ಮಾತು ಈಚೆಗೆ ಬಹಳ ಕೇಳಿಸುತ್ತದೆ. ಅಜ್ಜನ ಕಾಲದ ವೇಸ್ಟ್‌ಕೋಟಿಗೆ ಇಂದಿನ ಜೀನ್ಸು, ಹಳೆಯ ಕೈಗಡಿಯಾರಕ್ಕೆ ಕ್ಯಾನ್ವಾಸ್ ಬೂಟು, ಹೀಗೆ ಹಳತು ಹೊಸತು ಕೂಡಿಸಿ ತನ್ನದೇ ಒಂದು ಧಾಟಿ ಮಾಡಿಕೊಳ್ಳುವುದು ಈಗಿನ ಹುಡುಗರ ಹವ್ಯಾಸ. ಒಳ್ಳೆಯದೇ. ಆದರೆ ನಮ್ಮವರು ಈ ಕೆಲಸವನ್ನು ನೂರು ವರ್ಷಕ್ಕೂ ಹಿಂದೆ ದಿನನಿತ್ಯ ಮಾಡುತ್ತಿದ್ದರು. ಅವರು ಶೋಕಿಗೆ ಮಾಡಲಿಲ್ಲ, ಕಾರಣಕ್ಕೆ ಮಾಡಿದರು.

ಮೊದಲ ಕಾರಣ, ಈಗಿನವರಿಗೆ ನಗು ಬರಬಹುದು, ಜೇಬು. ಪಂಚೆಗೆ ಜೇಬಿಲ್ಲ. ಸೊಂಟದಲ್ಲಿ ಸಿಕ್ಕಿಸಿದ ಎಲೆಅಡಿಕೆ ಸಂಚಿ ಹಳ್ಳಿಗೆ ಸಾಕು, ಕಚೇರಿಗೆ ಸಾಲದು. ಗಡಿಯಾರ, ಪೆನ್ನು, ಬೀಗದ ಕೈ, ಮಡಿಸಿದ ಅರ್ಜಿ, ರೈಲಿನ ಟಿಕೀಟು, ಕನ್ನಡಕದ ಡಬ್ಬಿ, ಇವೆಲ್ಲ ಹತ್ತೊಂಬತ್ತನೆಯ ಶತಮಾನ ಗಂಡಸಿನ ಮೈಮೇಲೆ ಹೇರಿದ ಸಾಮಾನುಗಳು. ಅವನ್ನು ಇಡುವುದೆಲ್ಲಿ? ಹಳೆಯ ನಿಲುವಂಗಿಗೆ ಕಸೆ ಇತ್ತು, ಇಷ್ಟೊಂದು ಜೇಬು ಇರಲಿಲ್ಲ. ಲೆಕ್ಕಪತ್ರದ ಮನುಷ್ಯನಾದ ನನಗೆ ಕೋಟು ಎಂದರೆ ಮೊದಲು ನೆನಪಾಗುವುದು ಅದರ ಕಪಾಟುತನವೇ.

ಎರಡನೆಯ ಕಾರಣ ಮಡಿ. ಪಂಚೆ ದಿನವೂ ಒಗೆಯುವ ಬಟ್ಟೆ, ಹೊಲಿಗೆಯಿಲ್ಲದ ಬಟ್ಟೆ. ಕೋಟು ಹೊಲಿದದ್ದು, ಉಣ್ಣೆಯದಾದರೆ ವರ್ಷಕ್ಕೊಮ್ಮೆಯೂ ನೀರು ಕಾಣದ್ದು. ಆದ್ದರಿಂದ ಕೋಟಿಗೆ ನಡುಮನೆಯ ಆಚೆಗೆ ಪ್ರವೇಶವಿಲ್ಲ. ಕಚೇರಿಯಿಂದ ಬಂದವರು ಅದನ್ನು ಹೊರಗಿನ ಗೂಟಕ್ಕೆ ತಗುಲಿಹಾಕಿ, ಕಾಲು ತೊಳೆದು ಒಳಗೆ ಹೋಗುತ್ತಿದ್ದರು. ಸೊಂಟದ ಕೆಳಗೆ ಮನೆ, ಸೊಂಟದ ಮೇಲೆ ಸರ್ಕಾರ. ಸಂಜೆಯಾದರೆ ಸರ್ಕಾರವನ್ನು ಗೂಟಕ್ಕೆ ತೂಗುಹಾಕಬಹುದು. ಷರಾಯಿ ಹಾಕಿದ್ದರೆ ಈ ಸೌಕರ್ಯ ಇರುತ್ತಿರಲಿಲ್ಲ. ಪಂಚೆ ಬಹಳ ಕಾಲ ಉಳಿದು, ಕೋಟು ಬೇಗ ಒಳಗೆ ಬಂದದ್ದರ ಗುಟ್ಟು ಇದೇ ಎಂದು ನನ್ನ ನಂಬಿಕೆ. ತೆಗೆದಿಡಲು ಬರುವ ಹೊಸತನ್ನು ಜನ ಬೇಗ ಒಪ್ಪುತ್ತಾರೆ.

ಇನ್ನು ತಲೆ. ಬರಿತಲೆಯಲ್ಲಿ ಹಿರಿಯರ ಮುಂದೆ ನಿಲ್ಲುವುದು ಅಗೌರವ. ಜೊತೆಗೆ ಆ ಕಾಲದಲ್ಲಿ ಜುಟ್ಟು ತೆಗೆಸಿ ಕ್ರಾಪು ಬಿಡುವುದು ಮನೆಮನೆಯ ಜಗಳವಾಗಿತ್ತು. ಪೇಟದ ಒಳಗೆ ಜುಟ್ಟಿದೆಯೋ ಕ್ರಾಪಿದೆಯೋ ಸಾಹೇಬರಿಗೂ ಗೊತ್ತಾಗುವುದಿಲ್ಲ, ಸೋದರಮಾವನಿಗೂ ಗೊತ್ತಾಗುವುದಿಲ್ಲ. ಎರಡು ಕಾಲದ ನಡುವೆ ಸಿಕ್ಕಿಕೊಂಡವನಿಗೆ ಇದಕ್ಕಿಂತ ಒಳ್ಳೆಯ ಉಡುಪು ಯಾವುದು?

ಈ ಬೆರಕೆಯನ್ನು ತಮ್ಮ ಸ್ವಂತ ಗುರುತಾಗಿ ಮಾಡಿಕೊಂಡವರಲ್ಲಿ ಮೊದಲ ಹೆಸರು ಸರ್ ಎಂ. ವಿಶ್ವೇಶ್ವರಯ್ಯನವರದು. 1912ರಿಂದ 1918ರವರೆಗೆ ದಿವಾನರಾಗಿದ್ದ ಅವರು ಷರಾಯಿ, ಕೋಟು, ಟೈ ಎಲ್ಲವನ್ನೂ ಪೂರ್ತಿಯಾಗಿ ಒಪ್ಪಿಕೊಂಡರು, ತಲೆಯೊಂದನ್ನು ಮಾತ್ರ ಬಿಟ್ಟುಕೊಡಲಿಲ್ಲ. ಮೈಸೂರು ಪೇಟ ಎಂದರೆ ಇಂದಿಗೂ ನಮ್ಮ ಕಣ್ಣಿಗೆ ಕಟ್ಟುವುದು ಅವರ ಮುಖ. 1926ರಿಂದ 1941ರವರೆಗೆ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಅವರು ಉದ್ದನೆಯ ಮುಚ್ಚುಗತ್ತಿನ ಕೋಟಿನ ಮೇಲೆ ಅದೇ ಪೇಟ ಧರಿಸಿದರು. ಒಬ್ಬರು ಮುದ್ದೇನಹಳ್ಳಿಯ ವೈದಿಕ ಮನೆತನದವರು, ಇನ್ನೊಬ್ಬರು ಪರ್ಷಿಯಾ ಮೂಲದ ಮುಸ್ಲಿಂ ಮನೆತನದವರು, ಪೇಟ ಒಂದೇ. ಸಿ. ವಿ. ರಾಮನ್ ನಮ್ಮಲ್ಲಿಗೆ ಬಂದದ್ದು 1933ರಲ್ಲಿ. ಅವರ ರುಮಾಲಿನ ಸುತ್ತು ಬೇರೆ, ಆದರೆ ಹಟ ಒಂದೇ: 1930ರಲ್ಲಿ ನೊಬೆಲ್ ಬಹುಮಾನಕ್ಕೆ ಸ್ಟಾಕ್‌ಹೋಮಿಗೆ ಹೋದಾಗಲೂ ರುಮಾಲು ತಲೆಯ ಮೇಲೇ ಇತ್ತು.

ಇಷ್ಟು ಹೇಳಿ ಮುಗಿಸಿಬಿಟ್ಟರೆ ಹಳೆಯ ಫೋಟೋದ ಚಂದಕ್ಕೆ ಮರುಳಾದ ಹಾಗಾಗುತ್ತದೆ. ಆ ಗುಂಪುಚಿತ್ರದಲ್ಲಿ ಯಾರು ಇಲ್ಲ ಎಂದೂ ನೋಡಬೇಕು. ಹೆಂಗಸರಿಲ್ಲ, ಅದು ಎದ್ದು ಕಾಣುವ ವಿಷಯ. ಕುರ್ಚಿಯ ಸಾಲಿನಲ್ಲಿ ಬಹುಪಾಲು ಒಂದೇ ಜಾತಿಯವರು. ಇದನ್ನು ಪ್ರಶ್ನಿಸಿ ಎದ್ದ ಕೂಗಿಗೆ ಓಗೊಟ್ಟು ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರರಿಗೆ ಸಿಗಬೇಕು ಎಂದು ಆ ಸಮಿತಿ ಹೇಳಿತು. ವಿಶ್ವೇಶ್ವರಯ್ಯನವರಿಗೆ ಈ ದಾರಿ ಒಪ್ಪಿಗೆಯಾಗಲಿಲ್ಲ. ಅವರು ದಿವಾನಗಿರಿ ಬಿಡಲು ಅದೂ ಒಂದು ಕಾರಣ. ಮುಂದೆ ಕಚೇರಿಗೆ ಬಂದ ಹೊಸಬರು ಯಾವ ಉಡುಪು ತೊಟ್ಟರು? ಅದೇ ಕೋಟು, ಅದೇ ಪೇಟ. ಉಡುಪು ಬದಲಾಗಲಿಲ್ಲ, ಅದರೊಳಗೆ ನಿಲ್ಲುವವರು ಬದಲಾದರು. ನನ್ನ ಪ್ರಕಾರ ಆ ಕೋಟಿನ ಚರಿತ್ರೆಯಲ್ಲಿ ಇದೇ ದೊಡ್ಡ ಘಟನೆ.

ಇದರಾಚೆಗೂ ಒಂದು ಸಾಲಿದೆ. ಊರ ಬೀದಿಯಲ್ಲಿ ಚಪ್ಪಲಿ ಮೆಟ್ಟುವ ಹಾಗಿಲ್ಲ, ಒಗೆದ ಬಟ್ಟೆ ಉಡುವ ಹಾಗಿಲ್ಲ ಎಂಬ ಕಟ್ಟಳೆಗೆ ಒಳಗಾದವರಿಗೆ ಹಳತು ಹೊಸತು ಬೆರೆಸುವ ಮಾತೇ ಇರಲಿಲ್ಲ. ಅಂಬೇಡ್ಕರ್ ಅವರ ಉಡುಪನ್ನು ನೆನೆಯಿರಿ. ವಿಧಾನಸೌಧದ ಮುಂದಿನ ಪ್ರತಿಮೆಯಲ್ಲೂ ಅವರದು ಸೂಟು. ಅರ್ಧ ಪಂಚೆ ಅರ್ಧ ಕೋಟು ಅಲ್ಲ. ಹಳತಿನಲ್ಲಿ ಪಾಲು ಇದ್ದವನು ಅದರ ಒಂದು ತುಂಡು ಇಟ್ಟುಕೊಂಡು ಒಂದು ತುಂಡು ಬಿಡಬಹುದು. ಪಾಲೇ ಕೊಡದೆ ಹೊರಗೆ ನಿಲ್ಲಿಸಿದ್ದವರು ಆ ಗಂಟಿನಿಂದ ಏನನ್ನು ಆರಿಸಿಕೊಳ್ಳಬೇಕು? ಗಾಂಧಿ 1921ರಲ್ಲಿ ಮಧುರೆಯಲ್ಲಿ ಮೊಣಕಾಲ ಮೇಲಿನ ತುಂಡು ಪಂಚೆಗೆ ಇಳಿದದ್ದೂ, ಅಂಬೇಡ್ಕರ್ ಸೂಟು ಬಿಡದೆ ಇದ್ದದ್ದೂ ಒಂದೇ ಕಾಲದ ಎರಡು ತೀರ್ಮಾನಗಳು. ಎರಡನ್ನೂ ಬಟ್ಟೆಯ ಆಯ್ಕೆ ಎಂದಷ್ಟೇ ಓದಿದರೆ ಏನೂ ತಿಳಿಯುವುದಿಲ್ಲ.

ಮೈಸೂರಿನ ಮಾತೇ ಆಯಿತು. ಕತಾರಿನಲ್ಲಿರುವ ಕನ್ನಡಿಗರಲ್ಲಿ ಕರಾವಳಿಯವರ ಸಂಖ್ಯೆ ದೊಡ್ಡದು; ಅವರ ಪಾಲನ್ನು ಬಿಟ್ಟರೆ ಊಟಕ್ಕೆ ಕರೆಯುವುದಿಲ್ಲ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ನೇಯ್ಗೆ ಕಾರ್ಖಾನೆಯಲ್ಲಿ 1850ರ ದಶಕದಲ್ಲಿ ಜಾನ್ ಹಾಲರ್ ಎಂಬ ನೇಕಾರ ಮಣ್ಣಿನ ಬಣ್ಣದ, ತೊಳೆದರೂ ಬಿಡದ ಬಟ್ಟೆಯನ್ನು ತಯಾರಿಸಿದನೆಂದೂ ಅದೇ ಖಾಕಿಯೆಂದೂ ಮಂಗಳೂರಿನವರು ಹೆಮ್ಮೆಯಿಂದ ಹೇಳುತ್ತಾರೆ. ಪೇಶಾವರದ ಕಡೆಯ ಗೈಡ್ಸ್ ಪಡೆ ಅದಕ್ಕೂ ಸ್ವಲ್ಪ ಮೊದಲೇ ಅಂಥ ಬಣ್ಣ ತೊಟ್ಟಿತ್ತು ಎಂಬ ವಾದವೂ ಇದೆ, ಹೆಸರಂತೂ ‘ಖಾಕ್’ ಎಂದರೆ ಮಣ್ಣು ಎಂಬ ಪಾರ್ಸಿ ಮಾತಿನದು. ಮೊದಲು ಯಾರು ಎಂಬ ತಗಾದೆ ಇರಲಿ, ಗುರುವಾರ ನಮ್ಮ ಕಚೇರಿಗಳಲ್ಲಿ ಅರ್ಧಕ್ಕರ್ಧ ಜನ ಹಾಕಿಬರುವ ಖಾಕಿ ಪ್ಯಾಂಟಿನ ಜಾತಕದಲ್ಲಿ ಮಂಗಳೂರಿಗೂ ಒಂದು ಮನೆ ಇದೆ.

ಕೊಡಗಿನವರದು ಇನ್ನೊಂದು ಬಗೆ. ಕಪ್ಪು ಕುಪ್ಯ, ಸೊಂಟಕ್ಕೆ ಕೆಂಪು ರೇಷ್ಮೆಯ ಚೇಲೆ, ಅದರಲ್ಲಿ ಸಿಕ್ಕಿಸಿದ ಪೀಚೆಕತ್ತಿ. ಮದುಮಗನಿಗೆ ಮಾತ್ರ ಬಿಳಿ ಕುಪ್ಯ. ಮೊಣಕೈವರೆಗಿನ ಆ ತೋಳಿನಿಂದ ಹೊರಗೆ ಕಾಣುವುದು ಇಸ್ತ್ರಿ ಮಾಡಿದ ಬಿಳಿ ಶರ್ಟು, ಕಾಲಲ್ಲಿ ಹೊಳೆಯುವ ಬೂಟು. ಅಲ್ಲೂ ಕಾಲಗಳು ಕೂಡಿವೆ, ಆದರೆ ಹೊಲಿಗೆ ಕಾಣುವುದಿಲ್ಲ. ಕುಪ್ಯವನ್ನು ಕಂಡು ಕೊಡವರ ಮೂಲ ಅರಬ್ ನಾಡು ಎಂದು ಊಹಿಸಿದವರಿದ್ದಾರೆ. ಇಲ್ಲಿ ದಿನವೂ ಬಿಷ್ತ್ ನೋಡುವ ನನಗೆ ಹೋಲಿಕೆ ಅಷ್ಟೇನೂ ಕಾಣದು. ಅಂಗಿಯ ಅಂಚು ಹಿಡಿದು ವಂಶ ಹುಡುಕುವುದು ಅಪಾಯದ ವಿದ್ಯೆ. ಆ ಲೆಕ್ಕದಲ್ಲಿ ನಾವೆಲ್ಲ ಲಂಡನ್ನಿನವರಾಗಬೇಕು.

ನಿಜವಾದ ಹೋಲಿಕೆ ಬೇರೆ ಕಡೆ ಇದೆ. ಕತಾರಿಗಳ ಬಿಳಿಯ ತೋಬನ್ನು ಹತ್ತಿರದಿಂದ ನೋಡಿ. ಎಮಿರಾತಿನವರ ನಿಲುವಂಗಿಗೆ ಕಾಲರ್ ಇಲ್ಲ, ಕತ್ತಿನಿಂದ ಒಂದು ಕುಚ್ಚು ಇಳಿದಿರುತ್ತದೆ. ಕತಾರಿಗಳದಕ್ಕೆ ಇಂಗ್ಲಿಷ್ ಶರ್ಟಿನ ಗಡಸು ಕಾಲರ್, ಎದೆಯ ಜೇಬು, ಮಣಿಕಟ್ಟಿಗೆ ಕಫ್‌ಲಿಂಕು. ಬಟ್ಟೆಯಲ್ಲಿ ಹೆಸರುವಾಸಿ ಜಪಾನಿನದು, ಹೊಲಿಯುವ ದರ್ಜಿ ಸಾಮಾನ್ಯವಾಗಿ ನಮ್ಮ ಉಪಖಂಡದವನು. ಕೊಲ್ಲಿಯ ಹಳೆಯ ಫೋಟೋಗಳಲ್ಲಿ ತೋಬಿನ ಮೇಲೆ ಪಾಶ್ಚಾತ್ಯ ಕೋಟು ತೊಟ್ಟ ಗಂಡಸರು ಕಾಣುತ್ತಾರೆ, ಥೇಟ್ ನಮ್ಮ ಶಾನುಭೋಗರ ಹಾಗೆ: ಕೆಳಗೆ ಬಿಳಿ, ಮೇಲೆ ಕಪ್ಪು, ತಲೆಗೆ ಬಟ್ಟೆ. ಆಶ್ಚರ್ಯವೇನಿಲ್ಲ. ಕೊಲ್ಲಿಯ ಮುತ್ತಿನ ವ್ಯಾಪಾರಿಗಳಿಗೆ ಮುಂಬಯಿ ಎಂದರೆ ನೆರೆಮನೆ. 1966ರವರೆಗೂ ಇಲ್ಲಿ ಚಲಾವಣೆಯಲ್ಲಿದ್ದದ್ದು ರೂಪಾಯಿಯೇ. ರೂಪಾಯಿ ಬಂದ ಹಡಗಿನಲ್ಲಿ ಬಟ್ಟೆಯೂ ಬಟ್ಟೆ ತೊಡುವ ರೀತಿಯೂ ಬಂದಿರಬಹುದು.

ಉಡುಗೆ ತೊಡಿಸಿ ಗೌರವಿಸುವ ಪದ್ಧತಿಯೂ ಎರಡೂ ಕಡೆಗೆ ಸೇರಿದ್ದು. ಅರಸರು ಕೊಡುತ್ತಿದ್ದ ಖಿಲ್ಲತ್ತಿನ ಮಾತು ನಮ್ಮ ಇತಿಹಾಸದಲ್ಲೂ ಬರುತ್ತದೆ. 2022ರ ಡಿಸೆಂಬರ್ 18ರಂದು ಲುಸೈಲ್ ಕ್ರೀಡಾಂಗಣದಲ್ಲಿ ಅಮೀರರು ಮೆಸ್ಸಿಗೆ ಕಪ್ಪು ಬಿಷ್ತ್ ಹೊದಿಸಿದಾಗ ಹೊರಗಿನ ಹಲವರು ಆಟಗಾರನ ಜೆರ್ಸಿ ಮುಚ್ಚಿಹೋಯಿತೆಂದು ಗೊಣಗಿದರು. ಜೆರ್ಸಿಯ ಮೇಲೆ ಬಿಷ್ತ್ ಅವರಿಗೆ ವಿಚಿತ್ರ. ಸಫಾರಿ ಸೂಟಿನ ಮುಖ್ಯ ಅತಿಥಿಗೆ ಶಾಲು ಹೊದಿಸಿ, ಪೇಟ ತೊಡಿಸಿ, ಹಾರ ಹಾಕಿ ಬೆಳೆದ ನಮಗೆ ಅದರಲ್ಲಿ ವಿಚಿತ್ರ ಏನೂ ಕಾಣಲಿಲ್ಲ.

ನಮ್ಮಲ್ಲಿ ಆ ಉಡುಪು ಹೋದದ್ದು ಬೇಗ. ಮೊದಲು ಪೇಟ, ಆಮೇಲೆ ಕೋಟು, ಕೊನೆಗೆ ಪಂಚೆ. ಬುಷ್ ಶರ್ಟು ಬಂತು, ಟೆರಿಲಿನ್ ಬಂತು, ಇಸ್ತ್ರಿಯ ಖರ್ಚು ಉಳಿಯಿತು. ನನ್ನ ತಾತ ತುಮಕೂರು ಸೀಮೆಯ ಒಂದು ಹಳ್ಳಿಯ ಶಾನುಭೋಗರು. 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆ 1963ರಲ್ಲಿ ಜಾರಿಗೆ ಬಂದಾಗ ವಂಶಪಾರಂಪರ್ಯದ ಲೆಕ್ಕದ ಪುಸ್ತಕ ಅವರ ಕೈಬಿಟ್ಟಿತು. ಆ ಕಾಯಿದೆ ಸರಿಯಾದದ್ದೇ. ಲೆಕ್ಕ ಬರೆಯುವ ಹಕ್ಕು ಹುಟ್ಟಿನಿಂದ ಬರಬಾರದು, ನಾನೂ ಪರೀಕ್ಷೆ ಬರೆದೇ ಬಂದವನು. ತಾತ ಆಮೇಲೆ ಕೋಟು ತೊಡಲಿಲ್ಲವಂತೆ. ನುಸಿಗುಳಿಗೆ ಹಾಕಿ ಟ್ರಂಕಿನಲ್ಲಿಟ್ಟರು. ಹೋದ ವರ್ಷ ಅದು ನನ್ನ ಸೂಟ್‌ಕೇಸಿನಲ್ಲಿ ದೋಹಾಕ್ಕೆ ಬಂತು.

ಹದಿನೇಳರ ಮಗ ಅದನ್ನು ಬಿಳಿ ಟೀ ಶರ್ಟಿನ ಮೇಲೆ, ಗುಂಡಿಗಳನ್ನೆಲ್ಲ ಬಿಚ್ಚಿ, ಜೀನ್ಸಿಗೆ ತೊಟ್ಟುಕೊಂಡ. ನವೆಂಬರಿನ ರಾಜ್ಯೋತ್ಸವ ಸಮಾರಂಭಕ್ಕೆ ಹೀಗೇ ಬರುತ್ತೇನೆ ಎಂದ. ಫೋನಿನಲ್ಲಿ ನೋಡಿದ ನನ್ನ ಅಪ್ಪ ಜೀನ್ಸಿನ ಬಗ್ಗೆ ಒಂದು ಮಾತೂ ಆಡಲಿಲ್ಲ. “ಬರಿ ತಲೇಲಿ ಕೋಟು ಹಾಕ್ಕೊಂಡಿದಾನಲ್ಲೋ,” ಎಂದರು. ಸಮಾರಂಭಗಳಲ್ಲಿ ಈಗ ಸಿಗುವ ಪೇಟ ಟೋಪಿಯಂತೆ ಇಟ್ಟು ತೆಗೆಯುವ ಸಿದ್ಧಪೇಟ. ಅದನ್ನು ಹುಡುಗ ಬೇಡವೆಂದ, ನನಗೂ ಅವನು ಹೇಳಿದ್ದೇ ಸರಿ ಅನ್ನಿಸಿತು. ಕಟ್ಟಲು ಬಾರದ ಪೇಟಕ್ಕಿಂತ ಬರಿತಲೆಯೇ ವಾಸಿ. ಹಳತು ಹೊಸತು ಕೂಡಿಸುವಾಗ ಹಳತು ನಿಜವಾದ ಹಳತಾಗಿರಬೇಕು. ಹಳತಿನ ವೇಷ ಹಾಕಿದ ಹೊಸತು ನಾಟಕದ ಕಂಪನಿಗೆ ಸರಿ.

ಹಳೆಯ ಕೋಟು ತೊಡಲು ಹೊರಟವರಿಗೆ ಒಂದು ಮಾತು ಹೇಳಬಹುದು. ಮೊದಲು ಭುಜ ನೋಡಿ. ಆ ಕಾಲದ ದರ್ಜಿಗಳು ಭುಜವನ್ನು ಕಿರಿದಾಗಿ, ಕಂಕುಳನ್ನು ಎತ್ತರಕ್ಕೆ ಕತ್ತರಿಸುತ್ತಿದ್ದರು. ಭುಜ ಕೂರದಿದ್ದರೆ ಯಾವ ದರ್ಜಿಯೂ ಸರಿಮಾಡಲಾರ, ಕೂತರೆ ಉಳಿದದ್ದೆಲ್ಲ ಆಗುತ್ತದೆ. ನುಸಿ ತಿಂದ ತೂತಿಗೆ ರಫೂ ಮಾಡುವವರು ಇಲ್ಲೂ ಇದ್ದಾರೆ. ನಮ್ಮ ಬೀದಿಯ ದರ್ಜಿ ಕತ್ತನ್ನು ಬಿಚ್ಚಿ ಈಗಿನ ಬ್ಲೇಜರಿನ ಕಾಲರ್ ಇಟ್ಟುಕೊಡಲೇ ಎಂದು ಕೇಳಿದ. ಬೇಡ, ತೋಳನ್ನಷ್ಟೇ ಉದ್ದ ಮಾಡು ಎಂದೆ. ಮಗ ಅವನ ಮುತ್ತಾತನಿಗಿಂತ ಎತ್ತರ. ತೋಳಿನ ತುದಿಯ ಮಡಿಕೆ ಬಿಚ್ಚಿದರೆ ಒಳಗೆ ಅಡಗಿದ್ದ ಬಟ್ಟೆ ಅಂಗಡಿಯಿಂದ ತಂದ ದಿನದ ಹಾಗೆ ಕಡುಕಪ್ಪಾಗಿತ್ತು. ಹೊರಗಿನದೆಲ್ಲ ಬಿಸಿಲಿಗೆ ಕಂದಿತ್ತು. ಈಗ ಎರಡೂ ತೋಳಿನ ಕೊನೆಗೆ ಒಂದಂಗುಲ ಅಗಲದ ಕಪ್ಪು ಪಟ್ಟಿ ಇದೆ. ಸಮಾರಂಭದಲ್ಲಿ ಇಬ್ಬರು ಹುಡುಗರು ಅದನ್ನು ಹೊಸ ಡಿಸೈನ್ ಅಂದುಕೊಂಡು ಎಲ್ಲಿ ಹೊಲಿಸಿದ್ದು ಎಂದು ಕೇಳಿದರು.