ಮಲಪ್ರಭೆಯ ನಾಡಿನಲ್ಲಿ ದುಡಿಮೆಯ ಲೆಕ್ಕ

ಯೋಜನೆ ಎಂದೊಡನೆ ಈಗ ನಮ್ಮ ಮನಸ್ಸಿಗೆ ಬರುವುದು ಸರಕಾರದ ಕಾಗದಪತ್ರ, ಅಂಕಿ-ಸಂಖ್ಯೆ, ಐದು ವರ್ಷದ ಗಡುವು. ಹಳೆಯ ಕಾವ್ಯಗಳನ್ನು ಓದಿದವರಿಗಾದರೋ ಯೋಜನವೆಂದರೆ ದೂರದ ಅಳತೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ಊರುಗಳ ಸುತ್ತಿನ ನಾಡಿನ ಎರಡು ನೂರು ವರ್ಷಗಳ ಬಾಳನ್ನು ನೋಡಿದಾಗ ಈ ಎರಡು ಅರ್ಥಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ಈ ಜನಕ್ಕಾಗಿ ಯೋಜನೆ ಹಾಕಿದವರು ಬಹುಮಟ್ಟಿಗೆ ದೂರದಲ್ಲಿದ್ದವರು. ಅವರು ಹತ್ತಿಯನ್ನು ತೂಗಿದರು, ನೀರನ್ನು ಅಳೆದರು. ಹತ್ತಿಯನ್ನು ಬಿಡಿಸುವ, ನೀರನ್ನು ಹಾಯಿಸುವ ಕೈಗಳ ಎಣಿಕೆ ಮಾತ್ರ ಅವರ ವಹಿಗಳಲ್ಲಿ ಬಹಳ ತಡವಾಗಿ ಬಂದಿತು. ಅದು ಹೇಗಾಯಿತೆಂಬುದನ್ನು ಈ ಭಾಷಣದಲ್ಲಿ ಸ್ವಲ್ಪಮಟ್ಟಿಗೆ ಹೇಳಬೇಕೆಂದಿದ್ದೇನೆ.

ಕಣಕುಂಬಿಯ ಕಾಡಿನಲ್ಲಿ ಹುಟ್ಟುವ ಮಲಪ್ರಭೆ ಮುಗಟಖಾನ ಹುಬ್ಬಳ್ಳಿಯನ್ನು ದಾಟಿ, ಸವದತ್ತಿ ಸೀಮೆಯ ಗುಡ್ಡಗಳನ್ನು ಸೀಳಿಕೊಂಡು, ರಾಮದುರ್ಗವನ್ನು ಹಾಯ್ದು ಬಾದಾಮಿಯ ಕಡೆಗೆ ಸಾಗುತ್ತದೆ. ಕೊನೆಗೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಕಿತ್ತೂರಿನ ಬಳಿ ಮಲೆನಾಡಿನ ಸೆರಗು. ಅಲ್ಲಿ ಬತ್ತ ಬೆಳೆಯುವಷ್ಟು ಮಳೆ. ಮೂಡಲಿಗೆ ಹೋದಂತೆ ಮಳೆ ಕಡಿಮೆಯಾಗುತ್ತದೆ, ನೆಲ ಕಪ್ಪಾಗುತ್ತದೆ. ಬೈಲಹೊಂಗಲದ ಎರೆ ಜೋಳ-ಹತ್ತಿಗಳ ತವರು. ರಾಮದುರ್ಗಕ್ಕೆ ಬರುವಷ್ಟರಲ್ಲಿ ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಒಂದೇ ಹೊಳೆಯ ದಂಡೆಯ ಮೇಲಿದ್ದೂ ಇವು ಒಂದೇ ಬಗೆಯ ಸೀಮೆಗಳಲ್ಲ. ಇದನ್ನು ಮರೆತು ಹಾಕಿದ ಲೆಕ್ಕಗಳೇ ಹೆಚ್ಚು.

ಹಿಂದಿನ ಕಾಲದಲ್ಲಿ ದುಡಿಮೆಯ ವ್ಯವಸ್ಥೆ ಊರಿನಲ್ಲಿಯೇ ಇದ್ದಿತು. ಬಡಿಗ, ಕಮ್ಮಾರ, ಕುಂಬಾರ, ಅಗಸ ಮೊದಲಾದ ಆಯಗಾರರಿಗೆ ಸುಗ್ಗಿಯಲ್ಲಿ ಕಣದ ರಾಶಿಯಿಂದಲೇ ಆಯ ಸಲ್ಲುತ್ತಿತ್ತು. ಊರ ಕಾವಲು ಕಾಯುವ ವಾಲಿಕಾರನಿಗೆ, ಕರೆ ಬಂದಾಗ ಆಯುಧ ಹಿಡಿದು ಹೋಗುವ ಶೇತಸನದಿಗೆ ಹೊಲವೇ ಸಂಬಳ. ಈ ವ್ಯವಸ್ಥೆಯನ್ನು ಹೊಗಳಿ ಹಾಡಬೇಕಾದುದಿಲ್ಲ. ಅದರಲ್ಲಿ ಹುಟ್ಟೇ ಕಸುಬನ್ನು ಕಟ್ಟುತ್ತಿತ್ತು. ಕೆಲವರ ಪಾಲಿಗೆ ಕಣದ ಅಂಚಿನಲ್ಲಿ ಉಳಿದ ಕಾಳೇ ಕೂಲಿಯಾಗಿತ್ತು. ಆದರೆ ದುಡಿಯುವವನಿಗೂ ನೆಲಕ್ಕೂ ಇದ್ದ ಸಂಬಂಧವನ್ನು ಅದು ಬಾಯಿಂದ ಬಾಯಿಗೆ ನೆನಪಿನಲ್ಲಿಟ್ಟಿತ್ತು.

1824ರಲ್ಲಿ ಕಿತ್ತೂರಿನ ಶಿವಲಿಂಗರುದ್ರಸರ್ಜ ದೇಸಾಯಿ ಮಕ್ಕಳಿಲ್ಲದೆ ತೀರಿಕೊಂಡಾಗ ಕಂಪನಿ ಸರಕಾರ ದತ್ತಕವನ್ನು ಮಾನ್ಯ ಮಾಡಲಿಲ್ಲ. ಮುಂದಿನದು ಎಲ್ಲರೂ ಬಲ್ಲ ಕಥೆ. ಆ ವರ್ಷದ ಅಕ್ಟೋಬರ್ 23ರಂದು ಕೋಟೆಯ ಮುಂದೆ ಕಲೆಕ್ಟರ್ ಥ್ಯಾಕರೆ ಸತ್ತನು. ಇಂಗ್ಲಿಷ್ ಕಾದಂಬರಿಕಾರ ಥ್ಯಾಕರೆಗೆ ಈತ ಚಿಕ್ಕಪ್ಪನಾಗಬೇಕೆಂಬುದು ಸಾಹಿತ್ಯಾಸಕ್ತರಿಗೆ ಕುತೂಹಲದ ಸಂಗತಿ. ಡಿಸೆಂಬರಿನಲ್ಲಿ ಕೋಟೆ ಬಿದ್ದಿತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಕಣ್ಣು ಮುಚ್ಚಿದಳು. ಇಲ್ಲಿಯವರೆಗೆ ಇದು ಸಂಸ್ಥಾನದ ಇತಿಹಾಸ. ಆದರೆ ಸಂಗೊಳ್ಳಿ ರಾಯಣ್ಣನ ಬಂಡಾಯವನ್ನು ಇನ್ನೊಂದು ಕಣ್ಣಿನಿಂದಲೂ ನೋಡಬೇಕು. ಸಂಸ್ಥಾನ ಹೋದ ಮೇಲೆ ಶೇತಸನದಿಗಳಿಗೆ ಕೆಲಸವಿಲ್ಲದಾಯಿತು. ಕೆಲಸಕ್ಕೆ ಸಂಬಳವಾಗಿದ್ದ ಹೊಲಗಳ ಮೇಲೆ ಕಂದಾಯ ಕೂತಿತು, ಕೆಲವು ಹೊಲಗಳು ಕೈತಪ್ಪಿದವು. ರಾಯಣ್ಣನೇ ಅಂಥ ಒಬ್ಬ ವಾಲಿಕಾರ. 1830ರಲ್ಲಿ ಅವನ ದಂಡು ಬೀಡಿಯ ಕಚೇರಿಗೆ ಬೆಂಕಿಯಿಟ್ಟಿತು. ಉರಿದುಹೋದದ್ದು ಸರಕಾರದ ಕಟ್ಟಡ ಎಂದಷ್ಟೇ ಹೇಳಿದರೆ ಸಾಲದು. ಹೊಲದ ಹೊಸ ಲೆಕ್ಕ ಇರುವ ಮನೆ ಅದು. 1831ರ ಜನವರಿಯಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಲಾವಣಿಗಳಲ್ಲಿ ಅವನು ರಾಣಿಯ ಬಂಟ. ಅದು ಸುಳ್ಳಲ್ಲ. ಉದ್ಯೋಗ ಕಳೆದುಕೊಂಡ ಒಂದು ವರ್ಗದ ಬಂಟನೂ ಅವನಾಗಿದ್ದನೆಂಬುದನ್ನು ಅದರೊಡನೆ ಸೇರಿಸಿಕೊಳ್ಳಬೇಕು.

ಆ ಬಳಿಕ ಬಂದುದು ಹತ್ತಿಯ ಕಾಲ. ಮ್ಯಾಂಚೆಸ್ಟರಿನ ಗಿರಣಿಗಳಿಗೆ ಉದ್ದೆಳೆಯ ಅರಳೆ ಬೇಕಾಗಿದ್ದಿತು. ಧಾರವಾಡದ ಕಲೆಕ್ಟರ್ ಶಾ 1842ರ ಸುಮಾರಿಗೆ ಅಮೆರಿಕದ ಬೀಜವನ್ನು ಹಂಚಿಸಿದನು. ಹುಬ್ಬಳ್ಳಿಯ ಹತ್ತಿರದ ಕುಸುಗಲ್ಲಿನಲ್ಲಿ ಅಮೆರಿಕದಿಂದ ಬಂದ ತೋಟಗಾರರು ಪ್ರಯೋಗ ನಡೆಸಿದರು. ಬೀಜ ಬೇರೂರಿತು. 'ಧಾರವಾಡ-ಅಮೆರಿಕನ್' ಎಂಬ ಹೆಸರಿನ ಈ ಹತ್ತಿಯನ್ನು ಹಿಂಜಲು ಗರಗಸದ ಜಿನ್ನುಗಳು ಬಂದವು. ಅಮೆರಿಕದ ಅಂತರ್ಯುದ್ಧದ ನಾಲ್ಕು ವರ್ಷ, 1861ರಿಂದ 1865ರವರೆಗೆ, ಹತ್ತಿಗೆ ಬಂಗಾರದ ಬೆಲೆ. ಅದರ ಸಲುವಾಗಿ ನಡೆದ ಏರ್ಪಾಡುಗಳನ್ನು ನೋಡಿದರೆ ಬೆರಗಾಗುತ್ತದೆ. ಕಾರವಾರದ ಬಂದರು ಹತ್ತಿಗೆ ಒದಗಲೆಂದು 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಇಲಾಖೆಗೆ ಸೇರಿಸಿದರು. ಘಟ್ಟ ಇಳಿಯುವ ದಾರಿಗಳಾದವು. ಅರಳೆಯಲ್ಲಿ ಕಸ ಬೆರೆಸುವುದನ್ನು ತಡೆಯಲು 1863ರಲ್ಲಿ ಕಾಯಿದೆಯೇ ಹೊರಟಿತು. ಒಂದು ಬೆಳೆಗಾಗಿ ಭೂಗೋಳವನ್ನೇ ತಿದ್ದಿದಂತಾಯಿತು! ಬೀಜ, ಯಂತ್ರ, ದಾರಿ, ಬಂದರು, ಕಾನೂನು ಯಾವುದನ್ನೂ ಮರೆಯಲಿಲ್ಲ. ಮರೆತದ್ದು ಒಂದೇ: ಮನೆಮನೆಯಲ್ಲಿ ಈ ಅರಳೆಯನ್ನು ನೂಲುತ್ತಿದ್ದ ಹೆಂಗಸರ ರಾಟಿ. ಅರಳೆ ಅಂಡಿಗೆಯಾಗಿ ಕಡಲು ದಾಟಿತು, ನೂಲಾಗಿ ತಿರುಗಿ ಬಂದಿತು. ಬೈಲಹೊಂಗಲದ ಪೇಟೆ ಬೆಳೆಯಿತು, ಅಡತಿಯವರು ಬೆಳೆದರು. ನೂಲುವ ಕಸುಬು ಸದ್ದಿಲ್ಲದೆ ಮೂಲೆಗೆ ಸರಿಯಿತು.

ಇದರ ಬೆಲೆ 1876-78ರ ಕ್ಷಾಮದಲ್ಲಿ ತಿಳಿದಿತು. ಆ ಕ್ಷಾಮವನ್ನು ಕುರಿತು ವಿಚಾರಣೆ ನಡೆಸಿದ ಸ್ಟ್ರೇಚಿ ಆಯೋಗ 1880ರ ತನ್ನ ವರದಿಯಲ್ಲಿ ಈ ದೇಶದ ಬಹುಜನರಿಗೆ ಒಕ್ಕಲುತನ ಬಿಟ್ಟರೆ ಬೇರೆ ಉದ್ಯೋಗವಿಲ್ಲದಿರುವುದೇ ಕಷ್ಟದ ಮೂಲವೆಂದೂ, ನಾನಾ ಬಗೆಯ ಉದ್ಯೋಗಗಳು ಬೆಳೆಯದ ಹೊರತು ಪರಿಹಾರ ಪೂರ್ಣವಾಗದೆಂದೂ ಕಂಡುಕೊಂಡಿತು. ಆಡಳಿತದವರೇ ನೇಮಿಸಿದ ಆಯೋಗದಿಂದ ಇಂಥ ಮಾತು ಬಂದುದು ದೊಡ್ಡದು. ಆದರೆ ವರದಿಯಿಂದ ಮುಖ್ಯವಾಗಿ ಹೊರಟುದು ರೈಲು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲುದಾರಿ ಹುಬ್ಬಳ್ಳಿ, ಗದಗುಗಳನ್ನು ಕೂಡಿಸಿತು. ಅದು ನಮ್ಮ ನಾಲ್ಕು ಊರುಗಳಲ್ಲಿ ಒಂದನ್ನೂ ಮುಟ್ಟಲಿಲ್ಲ. ಕಿತ್ತೂರಿನ ಮೂಲಕ ಧಾರವಾಡ-ಬೆಳಗಾವಿ ರೈಲುದಾರಿಗೆ ಒಪ್ಪಿಗೆ ದೊರೆತುದು ತೀರ ನಮ್ಮ ಕಾಲದಲ್ಲಿ.

ಕೈಗಳ ಲೆಕ್ಕವನ್ನು ಮೊದಲು ಮುಂದಿಟ್ಟವರು ಖಾದಿಯವರು. 1924ರ ಬೆಳಗಾವಿ ಕಾಂಗ್ರೆಸ್ಸಿನ ಬಳಿಕ ಗಂಗಾಧರರಾವ ದೇಶಪಾಂಡೆಯವರು ಹುದಲಿಯನ್ನು ಖಾದಿಯ ನೆಲೆಯನ್ನಾಗಿ ಬೆಳೆಸಿದರು. 1937ರಲ್ಲಿ ಗಾಂಧೀಜಿ ಅಲ್ಲಿಗೆ ಬಂದು ನಿಂತರು. ಅದಕ್ಕೆ ಎರಡು ವರ್ಷ ಮೊದಲು, 1935ರಲ್ಲಿ, ಅಖಿಲ ಭಾರತ ಚರಕಾ ಸಂಘ ನೂಲುವವರಿಗೆ ಹೊಟ್ಟೆ ತುಂಬುವಷ್ಟು ಕನಿಷ್ಠ ಕೂಲಿ ಕೊಡಲೇಬೇಕೆಂದು ಗೊತ್ತುಮಾಡಿತ್ತು. ಬಟ್ಟೆಯ ಬೆಲೆಯಿಂದ ಕೂಲಿಯನ್ನು ಕಳೆಯುತ್ತ ಹೋಗುವುದು ಪೇಟೆಯ ರೀತಿ. ಕೂಲಿಯಿಂದ ಬಟ್ಟೆಯ ಬೆಲೆಯನ್ನು ಕಟ್ಟುತ್ತ ಬಂದುದು ಇವರ ರೀತಿ. ಖಾದಿ ದುಬಾರಿಯಾಯಿತೆಂದು ಪೇಟೆಯವರು ನಕ್ಕರು. ಖಾದಿಯೊಂದೇ ಒಂದು ಸೀಮೆಯನ್ನು ಸಾಕಬಲ್ಲುದೆಂದು ನಾನೂ ನಂಬಿದವನಲ್ಲ. ಆದರೂ ಅವರು ಕೇಳಿದ ಪ್ರಶ್ನೆ ಸರಿಯಾದುದಾಗಿತ್ತು.

ಸ್ವಾತಂತ್ರ್ಯದ ನಂತರ ಯೋಜನೆಗಳ ಹೊಳೆ ಹರಿಯಿತೆನ್ನಬಹುದು. ಅದರಲ್ಲಿ ನಿಜವಾದ ಹೊಳೆಯನ್ನು ಹಿಡಿದು ನಿಲ್ಲಿಸಿದುದು ಸವದತ್ತಿ ತಾಲ್ಲೂಕಿನ ನವಿಲುತೀರ್ಥದ ಅಣೆಕಟ್ಟು. ಎರಡು ಗುಡ್ಡಗಳ ನಡುವಿನ ಕಿರಿದಾದ ಕಂಡಿಯಲ್ಲಿ 1970ರ ದಶಕದ ಆರಂಭಕ್ಕೆ ಅದು ಎದ್ದು ನಿಂತಿತು. ರೇಣುಕಾಸಾಗರದ ಧಾರಣಶಕ್ತಿ ಸುಮಾರು 37.7 ಟಿಎಂಸಿ. ಮೇಲಿನ ಸೀಮೆಯ ಹೊಲಗಳು ಮುಳುಗಿದವು. ಎಡ-ಬಲ ದಂಡೆಯ ಕಾಲುವೆಗಳು ಕೆಳಗಿನ ಸೀಮೆಗೆ ಹರಿದವು. ಕಿತ್ತೂರು, ಬೈಲಹೊಂಗಲಗಳ ಬಹುಭಾಗ ಜಲಾಶಯದ ಮೇಲಿದೆ. ಅಲ್ಲಿ ಬಿದ್ದ ಮಳೆ ಸಾಗರಕ್ಕೆ ಸೇರುತ್ತದೆ, ಕಾಲುವೆ ಅಲ್ಲಿಗೆ ಹಿಂದಿರುಗುವಂತಿಲ್ಲ. ಅವರು ಬೋರು-ಪಂಪುಗಳನ್ನು ನಂಬಿದರು, ಕಬ್ಬು ಹಚ್ಚಿದರು. ಮುಗಟಖಾನ ಹುಬ್ಬಳ್ಳಿಯಲ್ಲಿ ಮಲಪ್ರಭೆಯ ಹೆಸರಿನದೇ ಸಹಕಾರಿ ಸಕ್ಕರೆ ಕಾರಖಾನೆ ನಡೆಯಿತು. ಮೇಲೆ ಎತ್ತಿದ ನೀರು ಕೆಳಗೆ ಬಾರದು. ಅನೇಕ ವರ್ಷ ಜಲಾಶಯ ತುಂಬಲಿಲ್ಲ.

ಕೆಳಗಿನವರ ಪಾಡಾದರೂ ಸುಖದ್ದೆ? 1972ರಲ್ಲಿ ಧಾರವಾಡದಲ್ಲಿ ಡಾ. ಕಟರ್ಕಿಯವರು ವರಲಕ್ಷ್ಮಿ ಎಂಬ ಸಂಕರ ಹತ್ತಿಯನ್ನು ಸಿದ್ಧಪಡಿಸಿದ್ದರು. ನೀರು ಬಂದಾಗ ರೈತ ಅದನ್ನು ಅಪ್ಪಿಕೊಂಡನು. ಈ ಹತ್ತಿಯ ಬೀಜ ಮಾಡುವ ಬಗೆ ಕೇಳುವಂತಹುದು. ಒಂದು ತಳಿಯ ಮೊಗ್ಗಿನಿಂದ ಪರಾಗದ ಎಳೆಗಳನ್ನು ಸಂಜೆ ಕೈಯಿಂದಲೇ ಕಿತ್ತುಹಾಕಬೇಕು. ಮರುದಿನ ಮುಂಜಾನೆ ಇನ್ನೊಂದು ತಳಿಯ ಹೂವನ್ನು ತಂದು ಒಂದೊಂದಕ್ಕೂ ಸೋಕಿಸಬೇಕು. ಇದಕ್ಕೆ ಸಣ್ಣ ಬೆರಳುಗಳೇ ಬೇಕೆಂದು ಹುಡುಗಿಯರನ್ನು ಹಚ್ಚಿದರು. ಬೀಜದ ಬೆಲೆ ಎಲ್ಲರಿಗೂ ಗೊತ್ತಿತ್ತು. ಆ ಹುಡುಗಿಯರ ಶಾಲೆ ತಪ್ಪಿದ ದಿನಗಳು ಯಾವ ಖಾತೆಗೂ ಏರಲಿಲ್ಲ. ಇತ್ತ ಎರೆಯ ಹೊಲಗಳಿಗೆ ನೀರು ಹೆಚ್ಚಾಗಿ ಸವಳು-ಜವಳು ಏರಿತು, ಹತ್ತಿಯ ಧಾರಣೆ ಕುಸಿಯಿತು, ಅದೇ ಹೊತ್ತಿಗೆ ಅಭಿವೃದ್ಧಿ ಕರದ ನೋಟೀಸುಗಳು ಬಂದವು. ನೀರು ಮುಟ್ಟದ ಹೊಲಕ್ಕೂ ಕರ ಬಂದಿತೆಂದು ರೈತರು ದೂರಿದರು. ನವಲಗುಂದ, ನರಗುಂದ, ಸವದತ್ತಿಗಳ ರೈತರು ಕೂಡಿ ಹೋರಾಟಕ್ಕಿಳಿದರು. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಗುಂಡು ಹಾರಿತು, ಜೀವಗಳು ಹೋದವು. ಬೀಡಿಯ ಕಚೇರಿ ಸುಟ್ಟು ಆಗ ನೂರೈವತ್ತು ವರ್ಷ ತುಂಬಿತ್ತು.

ಅಲ್ಲಿಂದೀಚೆಗೆ ಲೆಕ್ಕದ ರೀತಿ ಬದಲಾಗಲಿಲ್ಲವೆಂದರೆ ಅನ್ಯಾಯವಾದೀತು. 1976ರಲ್ಲಿಯೇ ಧಾರವಾಡದಲ್ಲಿ ಮಲಪ್ರಭಾ ಗ್ರಾಮೀಣ ಬ್ಯಾಂಕು ಸ್ಥಾಪನೆಯಾಗಿ, ಸಾಹುಕಾರನ ಕಟ್ಟೆ ಹತ್ತುತ್ತಿದ್ದವರಿಗೆ ಇನ್ನೊಂದು ಬಾಗಿಲು ತೆರೆದಿತ್ತು. ಆ ಹೆಸರು 2005ರಲ್ಲಿ ದೊಡ್ಡ ಬ್ಯಾಂಕಿನೊಳಗೆ ಸೇರಿಹೋಯಿತು. 1987ರಲ್ಲಿ ಮಂಡಲ ಪಂಚಾಯತಿ, ಜಿಲ್ಲಾ ಪರಿಷತ್ತುಗಳು ಬಂದವು. 2002ರಲ್ಲಿ ಡಾ. ನಂಜುಂಡಪ್ಪ ಸಮಿತಿ ಜಿಲ್ಲೆಯನ್ನು ಬಿಟ್ಟು ತಾಲ್ಲೂಕನ್ನು ಅಳತೆಗೋಲಾಗಿ ಹಿಡಿದು, ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆಯೆಂದು ಹೇಳಿತು. ಬೆಳಗಾವಿ ಜಿಲ್ಲೆ ಮುಂದುವರಿದುದೆಂಬ ಮಾತಿನ ಮರೆಯಲ್ಲಿ ರಾಮದುರ್ಗದಂಥ ಸೀಮೆ ಅಡಗಿಹೋಗುವುದನ್ನು ತಡೆಯಲು ಇದೊಂದೇ ದಾರಿಯಾಗಿತ್ತು. 2007ರಲ್ಲಿ ಉದ್ಯೋಗ ಖಾತರಿ ಕಾಯಿದೆ ಈ ಜಿಲ್ಲೆಗೆ ಬಂದಾಗ, ಮನೆಗೆ ವರ್ಷದಲ್ಲಿ 100 ದಿನದ ಕೆಲಸವೆಂಬ ಮಾತು ಕಾನೂನಾಗಿ ಬಂದಿತು. ಯಾವ ಕೆರೆ, ಯಾವ ಬದುವು ಎಂಬುದನ್ನು ಗ್ರಾಮಸಭೆ ಹೇಳಬೇಕು. ಎಷ್ಟು ಊರುಗಳಲ್ಲಿ ಸಭೆ ನಿಜವಾಗಿ ಸೇರಿತು, ಎಷ್ಟರಲ್ಲಿ ಸಹಿಗಳಷ್ಟೇ ಸೇರಿದವು ಎಂಬುದು ಬೇರೆಯ ಮಾತು.

ಇನ್ನು ರಾಮದುರ್ಗದ ನೇಕಾರರ ವಿಷಯ. 1948ರವರೆಗೆ ಭಾವೆ ಮನೆತನದ ಸಂಸ್ಥಾನವಾಗಿದ್ದ ಈ ಊರಿನಲ್ಲಿ, ಪಕ್ಕದ ಸುರೇಬಾನದಲ್ಲಿ ಮಗ್ಗದ ಸದ್ದು ಹಳೆಯದು. ಮಳೆ ನಂಬಲಾಗದ ನೆಲದಲ್ಲಿ ಮನೆಯೊಳಗಿನ ಈ ಕಸುಬು ಎಷ್ಟೋ ಜನರನ್ನು ಗುಳೆ ಹೋಗದಂತೆ ಹಿಡಿದಿಟ್ಟಿತು. 1975ರಲ್ಲಿ ಹುಟ್ಟಿದ ಕೈಮಗ್ಗ ಅಭಿವೃದ್ಧಿ ನಿಗಮ ನೂಲು ಕೊಟ್ಟು, ನೇಯ್ದ ಬಟ್ಟೆ ಹಿಂದಕ್ಕೆ ಪಡೆದು ಕೂಲಿ ಕೊಡುವ ಪದ್ಧತಿಯನ್ನು ತಂದಿತು. ಪೇಟೆಯ ಭಯ ತಪ್ಪಿತು. ಸ್ವಂತ ಬಟ್ಟೆಯ ಒಡೆಯನಾಗಿದ್ದವನು ಕೂಲಿಯವನೂ ಆದನು. ಶಾಲೆಯ ಮಕ್ಕಳ ಸಮವಸ್ತ್ರದ ಬಟ್ಟೆಯನ್ನು ನೇಯುವವರ ಮನೆಯಲ್ಲಿ ಅಪ್ಪ ಲಾಳಿ ಹಿಡಿದರೆ ತಾಯಿ ಕಂಡಿಕೆ ಸುತ್ತುತ್ತಾಳೆ. ಕೂಲಿ ಗಜದ ಲೆಕ್ಕಕ್ಕೆ. ಕಂಡಿಕೆಗೆ ಬೇರೆ ಲೆಕ್ಕವಿಲ್ಲ.

ಕುಣಿಮಗ್ಗವನ್ನು ಕಾಣದವರಿಗೆ ಒಂದು ಮಾತು. ನೇಕಾರ ನೆಲದ ಮಟ್ಟದಲ್ಲಿ ಕೂತು, ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ತುಳಿಗಳನ್ನು ತುಳಿಯುತ್ತಾನೆ. ನೆಲದ ತಂಪು ಹಾಸಿನ ಎಳೆಗಳು ಹರಿಯದಂತೆ ಕಾಯುತ್ತದೆ. 2019ರ ಆಗಸ್ಟಿನಲ್ಲಿ ಮೇಲೆ ಮಳೆ ವಿಪರೀತವಾಗಿ, ಎಷ್ಟೋ ವರ್ಷ ತುಂಬದೆ ಇದ್ದ ಸಾಗರ ತುಂಬಿತು. ನವಿಲುತೀರ್ಥದ ಬಾಗಿಲುಗಳನ್ನು ತೆರೆದರು. ಹೊಳೆ ರಾಮದುರ್ಗದ ಓಣಿಗಳನ್ನು ಹೊಕ್ಕಿತು, ಸುರೇಬಾನದ ಕಡೆಯ ಊರುಗಳನ್ನು ಹೊಕ್ಕಿತು. ಮನೆಯೊಳಗೆ ಬಂದ ನೀರು ಮೊದಲು ಇಳಿದುದು ಮಗ್ಗದ ಕುಣಿಗೆ. ಹೊಳೆ ಹಿಂದೆ ಸರಿದ ಮೇಲೂ ಕುಣಿಯಲ್ಲಿ ರಾಡಿ ನಿಂತಿತ್ತು. ನೇಕಾರರು ಕೊಡದಿಂದ ಅದನ್ನು ಎತ್ತಿ ಹೊರಗೆ ಚೆಲ್ಲಿದರು.