ಬಯಕೆಯಿಂದ ಬಾಣಂತನದಾಚೆಗೆ: ತಾಯಿಯ ಆಹಾರದ ಚರಿತ್ರೆ

ಹಳಗನ್ನಡ ಕಾವ್ಯಗಳಲ್ಲಿ ಗರ್ಭಿಣಿಯ ವರ್ಣನೆಗೆ ನಿಶ್ಚಿತವಾದ ಸ್ಥಾನವಿದೆ. ರಾಣಿಯ ಮುಖ ಬಿಳುಪೇರುತ್ತದೆ, ತ್ರಿವಳಿಗಳು ಮರೆಯಾಗುತ್ತವೆ, ನಡೆ ಮಂದವಾಗುತ್ತದೆ, ಬಯಕೆಗಳು ಮೂಡುತ್ತವೆ. ಮಗು ಹುಟ್ಟಿದೊಡನೆ ಕವಿಯ ದೃಷ್ಟಿ ಜಾತಕರ್ಮ, ನಾಮಕರಣಗಳತ್ತ ಹೊರಳುತ್ತದೆ. ಹೆತ್ತವಳ ದೇಹ ಮುಂದೆ ಏನಾಯಿತೆಂಬುದು ಕಾವ್ಯವಸ್ತುವಾಗುವುದು ವಿರಳ.

ವೈದ್ಯಗ್ರಂಥಗಳು ಇನ್ನೂ ಸ್ವಲ್ಪ ದೂರ ಅವಳ ಜೊತೆಗೆ ನಡೆಯುತ್ತವೆ. ಸುಶ್ರುತಸಂಹಿತೆ ನಾಲ್ಕನೆಯ ತಿಂಗಳಿನ ಗರ್ಭಿಣಿಯನ್ನು ಎರಡು ಹೃದಯಗಳುಳ್ಳವಳೆಂದು ಕರೆದು ಅವಳ ಬಯಕೆಯನ್ನು ತೀರಿಸಬೇಕೆನ್ನುತ್ತದೆ. ಚರಕಸಂಹಿತೆ ಮೊದಲ ತಿಂಗಳಿನ ಹಾಲಿನಿಂದ ಹಿಡಿದು ತಿಂಗಳಿಗೊಂದು ಪಥ್ಯವನ್ನು ವಿಧಿಸುತ್ತದೆ. ಹೆರಿಗೆಯಾದ ಮೇಲೆ ಶಕ್ತಿಗೆ ತಕ್ಕಷ್ಟು ತುಪ್ಪ, ಎಣ್ಣೆ ಕೊಟ್ಟು ಹೊಟ್ಟೆಗೆ ಬಟ್ಟೆ ಸುತ್ತಲು ಹೇಳುತ್ತದೆ. ಹಳೆಯ ಸೀರೆಯಿಂದ ಬಾಣಂತಿಯ ಹೊಟ್ಟೆ ಕಟ್ಟುವ ನಮ್ಮ ಅಜ್ಜಿಯರ ಪದ್ಧತಿ ಇದಕ್ಕೆ ದೂರದ್ದಲ್ಲ. ಇಲ್ಲಿ ‘ಶಕ್ತಿಗೆ ತಕ್ಕಷ್ಟು’ ಎಂಬ ಮಾತು ಮುಖ್ಯವಾದುದು. ರೂಢಿಯಲ್ಲಿ ಮೊದಲು ಮರೆತುಹೋದದ್ದೂ ಅದೇ.

ರೂಢಿಯ ತರ್ಕ ಬೇರೆ. ಮಾರ್ಕ್ ಮತ್ತು ಮಿಮಿ ನಿಕ್ಟರ್ ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಅಧ್ಯಯನ ನಡೆಸಿ 1983ರಲ್ಲಿ ಪ್ರಕಟಿಸಿದ ಲೇಖನವು ಗರ್ಭಿಣಿಯ ಊಟದ ಬಗೆಗಿನ ಜನರ ಎಣಿಕೆಯನ್ನು ವಿವರಿಸಿದೆ: ಹೊಟ್ಟೆಯಲ್ಲಿ ಕೂಸಿಗೂ ಅನ್ನಕ್ಕೂ ಇರುವ ಎಡೆ ಒಂದೇ, ಹೆಚ್ಚು ಉಂಡರೆ ಕೂಸಿಗೆ ಇಕ್ಕಟ್ಟು. ಕೂಸು ದಪ್ಪವಾದರೆ ಹೆರಿಗೆ ಕಷ್ಟವೆಂಬ ಭಯ ಬಯಲುಸೀಮೆಗೂ ಹೊಸದಲ್ಲ. ಬಸುರಿನಲ್ಲಿ ಕಡಿಮೆ, ಬಾಣಂತನದಲ್ಲಿ ತುಪ್ಪ, ಕೊಬ್ಬರಿ, ಬೆಲ್ಲ. ಹನೂರಿನಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ದಾರಿಯ ಕೌದಳ್ಳಿಯಂಥ ಮಳೆಯಾಶ್ರಿತ ಊರಿನಲ್ಲಿ, ರಾಗಿ, ಹುರುಳಿ, ಬೆರಕೆ ಸೊಪ್ಪಿನ ಮೇಲೆ ಬದುಕಿ ಹೊಲದಲ್ಲಿ ದುಡಿಯುವ ಹೆಂಗಸಿಗೆ ಆ ಕೆಲವು ತಿಂಗಳ ತುಪ್ಪ ವರ್ಷದ ಕೊರತೆಯನ್ನು ತುಂಬುತ್ತಿತ್ತು. ದುಡಿಮೆ ತಗ್ಗಿ ಅಕ್ಕಿ, ಸಕ್ಕರೆ, ಎಣ್ಣೆ ಸುಲಭವಾದ ಮೇಲೆ ಅದೇ ತುಪ್ಪದ ಲೆಕ್ಕ ಬದಲಾಯಿತು. ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ ಕರ್ನಾಟಕದಲ್ಲಿ ಅತಿತೂಕದ ಮಹಿಳೆಯರು 2015–16ರಲ್ಲಿ ಶೇ. 23ರಷ್ಟಿದ್ದರೆ, 2019–20ರ ಹೊತ್ತಿಗೆ ಶೇ. 30.

ಇದನ್ನು ತಾಯಂದಿರ ದೇಹದಲ್ಲೇ ಓದಿದ ದಾಖಲೆ ಮೈಸೂರಿನಲ್ಲಿದೆ. 1906ರಲ್ಲಿ ಆರಂಭವಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಹೆರಿಗೆಯ ವಿವರಗಳನ್ನು ಜೋಪಾನವಾಗಿ ಇಟ್ಟುಕೊಂಡಿತ್ತು. ಶಾಸನದಷ್ಟೇ ಬೆಲೆಯುಳ್ಳ ಕಡತಗಳಿವು. 1934–54ರ ನಡುವೆ ಅಲ್ಲಿ ಹುಟ್ಟಿದವರನ್ನು ಹುಡುಕಿ ಪರೀಕ್ಷಿಸಿದಾಗ, ಗಿಡ್ಡಗೆ ದಪ್ಪಗೆ ಹುಟ್ಟಿದವರಲ್ಲಿ, ಭಾರವಾದ ತಾಯಂದಿರ ಮಕ್ಕಳಲ್ಲಿ ಸಕ್ಕರೆ ಕಾಯಿಲೆ ಹೆಚ್ಚಾಗಿ ಕಂಡಿತು.

ಅಲ್ಲಿಯೇ 1997–98ರಲ್ಲಿ ಗರ್ಭಿಣಿಯರ ಹೊಸ ಅಧ್ಯಯನವೊಂದು ಆರಂಭವಾಯಿತು. ಶೇ. 6.2ರಷ್ಟು ಮಂದಿಗೆ ಬಸುರಿನ ಸಕ್ಕರೆ ಕಾಯಿಲೆ ಇತ್ತು. ಐದು ವರ್ಷಗಳ ಬಳಿಕ ಅವರಲ್ಲಿ ಶೇ. 37 ಮಂದಿ ಮಧುಮೇಹಿಗಳಾಗಿದ್ದರು. ಉಳಿದ ತಾಯಂದಿರಲ್ಲಿ ಶೇ. 2 ಮಾತ್ರ. ಇನ್ನೊಂದು ಅಂಶ ಅಷ್ಟೇ ಗಮನಾರ್ಹ: ಸೊಪ್ಪು, ಕಾಳುಗಳಿಂದ ದೊರೆಯುವ ಫೋಲೇಟ್ ಕೊರತೆ ಶೇ. 4 ಮಂದಿಗಷ್ಟೇ ಇದ್ದರೆ, ಹಾಲು, ಮೊಟ್ಟೆ, ಮಾಂಸಗಳಿಂದ ದೊರೆಯುವ ಬಿ12 ಕೊರತೆ ಶೇ. 43 ಮಂದಿಗೆ ಇತ್ತು. ಈ ಕೊರತೆಯುಳ್ಳವರ ತೂಕವೇ ಎತ್ತರಕ್ಕೆ ಹೋಲಿಸಿದರೆ ಹೆಚ್ಚು. ಕೊರತೆಯೂ ಬೊಜ್ಜೂ ಒಂದೇ ದೇಹದಲ್ಲಿ ಸೇರಿರಬಹುದೆಂಬುದನ್ನು ಹಳೆಯ ಪಥ್ಯವೂ ಹೊಸ ಪಡಿತರವೂ ಎಣಿಸಿರಲಿಲ್ಲ.

2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಜಾರಿಯಾದ ಮಾತೃಪೂರ್ಣ ಯೋಜನೆ ಅಂಗನವಾಡಿಯಲ್ಲಿ ಅನ್ನ, ಬೇಳೆಯೊಂದಿಗೆ ಹಾಲನ್ನೂ ಮೊಟ್ಟೆಯನ್ನೂ ಬಡಿಸಿತು. ಬಸುರಿನ ಊಟದ ಮಟ್ಟಿಗೆ ಇದು ಸರಿಯಾದ ದಾರಿ. ತಾಯಿಯ ಮುಂದಿನ ವರ್ಷಗಳ ಪ್ರಶ್ನೆ ಬೇರೆಯೇ ಇದೆ. ಬಸುರಿನಲ್ಲಿ ಸಕ್ಕರೆ ಏರಿದವಳನ್ನು ಹೆರಿಗೆಯಾದ ಆರನೆಯ ವಾರದಲ್ಲಿ ಮತ್ತೆ ಪರೀಕ್ಷಿಸಬೇಕೆಂದು ಕೇಂದ್ರ ಸರ್ಕಾರದ ಮಾರ್ಗಸೂಚಿ ಹೇಳುತ್ತದೆ. ಆ ಹೊತ್ತಿಗೆ ಅವಳು ಸಾಮಾನ್ಯವಾಗಿ ತವರಿನ ಕೋಣೆಯಲ್ಲಿ ಕಿವಿಗೆ ಬಟ್ಟೆ ಕಟ್ಟಿಕೊಂಡು ಮಲಗಿರುತ್ತಾಳೆ. ಅವಳ ಹೆಸರಿರುವ ದಾಖಲೆ ಗಂಡನ ಊರಿನ ಆರೋಗ್ಯ ಕೇಂದ್ರದಲ್ಲಿರುತ್ತದೆ.